ಐದು ವರ್ಷದ ಮಗಳಿಗೆ ಮೊದಲ ವಿಡಿಯೋ ಗೇಮ್: ಹೇಗೆ ಶುರು ಮಾಡಲಿ?

ತುಂಗೆದಂಡೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಜೂನ್‌ನಲ್ಲಿ ಐದು ತುಂಬಿತು. ಯುಕೆಜಿಗೆ ಹೋಗುತ್ತಾಳೆ. ಅವಳ ಜೊತೆ ಕೂತು ವಿಡಿಯೋ ಗೇಮ್ ಆಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಹೆಂಡತಿ ಕೇಳುವ ಪ್ರಶ್ನೆಗಳಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಸೆ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜಕ್ಕೆ ತರೀಕೆರೆಯ ಸೋದರಮಾವನ ಮನೆಗೆ ಹೋಗುತ್ತಿದ್ದೆ. ಮಾವ ಟಿವಿಗೆ ಹಾಕುವ ವಿಡಿಯೋ ಗೇಮ್ ತಂದಿಟ್ಟಿದ್ದರು. ಹಳದಿ ಕ್ಯಾಸೆಟ್. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು, ಬಾಯಲ್ಲಿ ಊದಿ, ಮತ್ತೆ ಒತ್ತಿ ಕೂರಿಸಬೇಕು. ಹಗಲೆಲ್ಲ ಅದು ಬೀರುವಿನ ಮೇಲೆ ಇರುತ್ತಿತ್ತು. ಮಾವ ಅಡಿಕೆ ಮಂಡಿಯ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಲುಂಗಿ ಉಟ್ಟು ಚಾಪೆ ಮೇಲೆ ಕೂತ ಮೇಲೇ ಅದು ಕೆಳಗೆ ಇಳಿಯೋದು. ನಾನು ಮಾರಿಯೋ ಆಡುತ್ತಿದ್ದರೆ ಅವರು ಪಕ್ಕದಲ್ಲಿ "ಈಗ ಹಾರು... ಇನ್ನೂ ತಡಿ... ಹಾಂ, ಈಗ!" ಅನ್ನುತ್ತಿದ್ದರು. ಮಾವ ಈಗ ಇಲ್ಲ. ಅವರನ್ನು ನೆನೆದರೆ ಮೊದಲು ಕಿವಿಗೆ ಬರೋದು ಆ "ಇನ್ನೂ ತಡಿ".

ಈಗ ನಮ್ಮ ಮನೆಯ ಪರಿಸ್ಥಿತಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಧ್ಯಾಹ್ನ ಸ್ಕೂಲಿಂದ ಬಂದ ಮಗಳು ಸಂಜೆವರೆಗೂ ಅಜ್ಜಿ ಮನೆಯಲ್ಲಿ, ಅಂದರೆ ನಮ್ಮ ಅತ್ತೆಯವರ ಹತ್ತಿರ ಇರುತ್ತಾಳೆ. ಅಲ್ಲಿ ಊಟ ಮಾಡಿಸೋಕೆ ಫೋನ್ ಕೊಡುತ್ತಾರೆ. ಒಂದರ ಹಿಂದೆ ಒಂದು ಚಿಕ್ಕ ಚಿಕ್ಕ ವಿಡಿಯೋ. ನಡುವೆ ಕೇಕ್ ಅಲಂಕಾರ ಮಾಡೋ ಯಾವುದೋ ಫ್ರೀ ಗೇಮ್. ಫೋನ್ ಕಿತ್ತುಕೊಂಡರೆ ನೆಲಕ್ಕೆ ಬಿದ್ದು ಅಳುತ್ತಾಳೆ. ಅತ್ತೆಯವರನ್ನು ನಾನು ದೂರುತ್ತಿಲ್ಲ. ಮಂಡಿ ನೋವಿಟ್ಟುಕೊಂಡು ಮಗುವಿನ ಹಿಂದೆ ತಟ್ಟೆ ಹಿಡಿದು ಓಡೋಕೆ ಅವರಿಗೆ ಆಗೋದಿಲ್ಲ.

ಹೆಂಡತಿ ಕೇಳೋದು ಇಷ್ಟೇ: "ಇರೋ ಫೋನ್ ಬಿಡಿಸೋಕೇ ಆಗ್ತಿಲ್ಲ, ಅದರ ಮೇಲೆ ಇನ್ನೊಂದು ತರ್ತೀರಾ?" ಈ ಮಾತು ತಪ್ಪು ಅಂತ ನನಗೂ ಅನಿಸೋದಿಲ್ಲ.

ಹೀಗಿರುವಾಗ ಬೆಂಗಳೂರಿನ ಭಾವಮೈದ ಹೊಸದು ತಗೊಂಡು, ತನ್ನ ಹಳೆಯ ನಿಂಟೆಂಡೊ ಸ್ವಿಚ್ ಅನ್ನೋ ವಿಡಿಯೋ ಗೇಮ್ ಮಿಷನ್ ನಮಗೆ ಕೊಟ್ಟಿದ್ದಾನೆ. ಎರಡು ಪುಟ್ಟ ಕಂಟ್ರೋಲರ್ ಇವೆ. ಟಿವಿಗೆ ಹಾಕುವ ಡಾಕ್ ಇದೆ. ಗೇಮ್ ಒಂದೂ ಇಲ್ಲ. ಎರಡು ವಾರದಿಂದ ಡಬ್ಬದಲ್ಲೇ ಇದೆ. ಹೊರಗೆ ಬಿಡದ ಮಳೆ. ಮಕ್ಕಳನ್ನು ಗಾಂಧಿ ಪಾರ್ಕಿಗೂ ಕರ್ಕೊಂಡು ಹೋಗೋಕಾಗ್ತಿಲ್ಲ.

ಐದು ವರ್ಷಕ್ಕೆ ಶುರು ಮಾಡಬಹುದಾ? ಯಾವ ಗೇಮ್? ದಿನಕ್ಕೆ ಎಷ್ಟು ಹೊತ್ತು? ಮುಖ್ಯವಾಗಿ, ನಿಲ್ಲಿಸು ಅಂದಾಗ ರಂಪ ಆಗದ ಹಾಗೆ ಹೇಗೆ ನಿಲ್ಲಿಸೋದು? ಮಕ್ಕಳನ್ನು ಬೆಳೆಸಿರುವವರು ಹೇಳಿ.


ಕಣ್ಣುಗೂಡು, ದಾವಣಗೆರೆ

ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಕಣ್ಣಿನ ವಿಷಯ ಮಾತ್ರ ಹೇಳುತ್ತೇನೆ.

ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅಂದರೆ ನಮ್ಮ ದೇಶದ ಮಕ್ಕಳ ವೈದ್ಯರ ಸಂಘ. ಅವರ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರು ಜೊತೆಗಿದ್ದು. 5ರಿಂದ 10ರವರಿಗೆ 2 ಗಂಟೆಗಿಂತ ಕಡಿಮೆ. ಇದು ಟಿವಿ, ಫೋನ್, ಗೇಮ್ ಎಲ್ಲ ಸೇರಿದ ಲೆಕ್ಕ. ನಿಮ್ಮ ಮಗಳು ಅಜ್ಜಿ ಮನೆಯಲ್ಲಿ ನೋಡುವ ಫೋನೂ ಇದರಲ್ಲೇ ಬರುತ್ತದೆ. ಹಾಗಾಗಿ ಗೇಮ್ ಸೇರಿಸುವ ಮೊದಲು ಫೋನ್ ನೋಡುವ ಹೊತ್ತನ್ನು ಅಷ್ಟು ಕಡಿಮೆ ಮಾಡಬೇಕು. ನಿಮ್ಮ ಮನೆಯವರ ಪ್ರಶ್ನೆ ನ್ಯಾಯವಾದದ್ದು.

ಆದರೆ ಒಂದು ಮಾತು. ಮಕ್ಕಳು ಫೋನ್ ಹಿಡಿಯೋದು ಮುಖದಿಂದ ಗೇಣು ದೂರದಲ್ಲಿ. ಮಲಗಿದರೆ ಇನ್ನೂ ಹತ್ತಿರ. ಟಿವಿ ಎಂಟು ಹತ್ತು ಅಡಿ ಆಚೆ ಇರುತ್ತದೆ. ಕಣ್ಣಿಗೆ ಎರಡೂ ಒಂದೇ ಅಲ್ಲ. ಆಡಿಸುವುದಾದರೆ ಟಿವಿಯಲ್ಲೇ ಆಡಿಸಿ, ಆ ಮಿಷನ್‌ನ ಚಿಕ್ಕ ಸ್ಕ್ರೀನ್ ಕೈಗೆ ಕೊಡಬೇಡಿ. ಕೋಣೆಯ ದೀಪ ಹಾಕಿರಲಿ. ಮಲಗುವ ಒಂದು ಗಂಟೆ ಮುಂಚೆ ಎಲ್ಲ ಬಂದ್. ಮಳೆ ಬಿಟ್ಟ ಕೂಡಲೇ ಹೊರಗೆ ಬಿಡಿ. ಹಗಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ. ನಾನು ದಿನಾ ಆರು ವರ್ಷದ ಮಕ್ಕಳ ಮೂಗಿನ ಮೇಲೆ ಕನ್ನಡಕ ಕೂರಿಸುತ್ತೇನೆ. ಅದಕ್ಕೇ ಇಷ್ಟು ಹೇಳಿದೆ.


ಇಬ್ಬರಮ್ಮ, ಹುಬ್ಬಳ್ಳಿ

ನಮ್ಮಲ್ಲಿ ಇಬ್ಬರು. ಮಗನಿಗೆ ಹತ್ತು, ಮಗಳಿಗೆ ಆರೂವರೆ. ಒಂದೇ ಮನೆ, ಒಂದೇ ಅಪ್ಪ ಅಮ್ಮ. ಆದರೆ ಇಬ್ಬರಿಗೂ ಗೇಮ್ ಸಿಕ್ಕಿದ ರೀತಿ ಬೇರೆ ಬೇರೆ. ಅದನ್ನೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹೆಂಡತಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಮಗನಿಗೆ ನಾಲ್ಕಿದ್ದಾಗ ನಾನು ಹೆರಿಗೆಗೆ ತವರಿಗೆ ಹೋಗಿದ್ದೆ. ಅವನನ್ನು ಸುಮ್ಮನಿರಿಸಲು ನನ್ನ ಹಳೇ ಫೋನ್ ಕೊಟ್ಟೆವು. ಅದರಲ್ಲಿ ಒಂದು ಫ್ರೀ ಗೇಮ್. ಬಣ್ಣದ ಪೆಟ್ಟಿಗೆಗಳು, ತೆಗೆದರೆ ಮಿಣಮಿಣ ಬೆಳಕು, ಒಳಗೆ ಏನೋ ಒಂದು ಬಹುಮಾನ. ಇನ್ನೊಂದು ಪೆಟ್ಟಿಗೆ ಬೇಕಾದರೆ ಮೂರು ಗಂಟೆ ಕಾಯಬೇಕು, ಇಲ್ಲವೇ ದುಡ್ಡಿಗೆ ಸಿಗುವ ಹರಳು ಕೊಡಬೇಕು. ದಿನಾ ಬಂದರೆ ದಿನಾ ಉಡುಗೊರೆ. ಒಂದು ದಿನ ತಪ್ಪಿದರೆ ಮೊದಲಿಂದ ಎಣಿಕೆ. ನನ್ನ ಮಗ ಬೆಳಿಗ್ಗೆ ಕಣ್ಣು ಬಿಟ್ಟರೆ ಹಲ್ಲುಜ್ಜುವ ಮುಂಚೆ ಕೇಳುತ್ತಿದ್ದದ್ದು ಆ ಉಡುಗೊರೆ. ಮೂವತ್ತು ಸೆಕೆಂಡಿಗೆ ಒಂದು ಜಾಹೀರಾತು. ಅದನ್ನು ಮುಚ್ಚುವ ಗುರುತು ಎಷ್ಟು ಚಿಕ್ಕದು ಅಂದರೆ ಮಗುವಿನ ಬೆರಳು ಪಕ್ಕಕ್ಕೇ ಬೀಳುತ್ತದೆ, ಇನ್ನೊಂದು ಆ್ಯಪ್ ತೆರೆದುಕೊಳ್ಳುತ್ತದೆ.

ಒಂದು ಮಧ್ಯಾಹ್ನ ಬಾಣಂತಿ ಕೋಣೆಯಲ್ಲಿ ಮಲಗಿದ್ದೆ. ಬ್ಯಾಂಕಿನಿಂದ ಮೆಸೇಜ್ ಮೇಲೆ ಮೆಸೇಜ್. ಒಟ್ಟು 4,200 ರೂಪಾಯಿ ಹೋಗಿತ್ತು. ಆ ಫೋನ್‌ನಲ್ಲಿ ನನ್ನ ಕಾರ್ಡ್ ಉಳಿದಿತ್ತು, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳು ಅನ್ನೋ ಸೆಟ್ಟಿಂಗ್ ಹಾಕಿರಲಿಲ್ಲ. ಮಗ ಓಡಿ ಬಂದು "ಅಮ್ಮಾ, ನೋಡಲ್ಲಿ, ಎಷ್ಟು ಹರಳು!" ಅಂತ ತೋರಿಸಿದ. ಅವನ ಮುಖದಲ್ಲಿ ಎಷ್ಟು ಖುಷಿ ಇತ್ತು ಅಂದರೆ ನನಗೆ ಬೈಯಲು ಬಾಯಿ ಬರಲಿಲ್ಲ. ಅವನಿಗೆ ದುಡ್ಡು ಅಂದರೇನು ಅಂತಲೇ ಗೊತ್ತಿಲ್ಲ. ಆ ಆಟ ಕಟ್ಟಿದವರಿಗೆ ಮಾತ್ರ ಚೆನ್ನಾಗಿ ಗೊತ್ತು.

ಮಗಳಿಗೆ ಐದಾದಾಗ ಬೇರೆ ದಾರಿ ಹಿಡಿದೆವು. ಮೂರು ವಿಷಯ ನಿರ್ಧಾರ ಮಾಡಿಕೊಂಡೆವು. ಫೋನ್‌ನಲ್ಲಿ ಗೇಮ್ ಇಲ್ಲ, ಟಿವಿಯಲ್ಲಿ ಮಾತ್ರ. ಒಬ್ಬಳೇ ಆಡೋದಿಲ್ಲ, ಎರಡನೇ ಕಂಟ್ರೋಲರ್ ನನ್ನದೋ ಅವರಪ್ಪನದೋ ಅಣ್ಣನದೋ ಕೈಯಲ್ಲಿ ಇರಲೇಬೇಕು. ಮತ್ತೆ, ಆಟಕ್ಕೆ ಒಂದು ಕೊನೆ ಇರಬೇಕು. ಈ ಮೂರನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ನಿಮ್ಮ ಮಗಳು ನೋಡುವ ಚಿಕ್ಕ ವಿಡಿಯೋಗಳಿಗೆ ಕೊನೆ ಅನ್ನೋದೇ ಇಲ್ಲ, ಬೆರಳು ಸರಿಸಿದರೆ ಇನ್ನೊಂದು ಬರುತ್ತದೆ. ಹಾಗಾಗಿ ನೀವು ಯಾವಾಗ ಕಿತ್ತುಕೊಂಡರೂ ಅವಳಿಗೆ ಅದು ಅರ್ಧ ಊಟದ ತಟ್ಟೆ ಎಳೆದ ಹಾಗೆ. ಒಳ್ಳೆಯ ಗೇಮ್‌ನಲ್ಲಿ ಒಂದು ರೇಸ್ ಮುಗಿಯುತ್ತದೆ, ಒಂದು ಲೆವೆಲ್ ಮುಗಿಯುತ್ತದೆ. ಮಗುವಿಗೂ ಮುಗಿಯಿತು ಅಂತ ಗೊತ್ತಾಗುತ್ತದೆ.

ಐದು ವರ್ಷದ ಮಗುವಿಗೆ "ಇನ್ನು ಹತ್ತು ನಿಮಿಷ" ಅಂದರೆ ಏನೂ ಅರ್ಥ ಆಗೋದಿಲ್ಲ. ನಾವು ನಿಮಿಷ ಎಣಿಸೋದಿಲ್ಲ, ಬಾವುಟ ಎಣಿಸುತ್ತೇವೆ. ಮಾರಿಯೋದಲ್ಲಿ ಲೆವೆಲ್ ಕೊನೆಗೆ ಬಾವುಟದ ಕಂಬ ಇರುತ್ತದೆ, ನಿಮಗೆ ನೆನಪಿರಬೇಕಲ್ವಾ. "ಇವತ್ತು ಎರಡು ಬಾವುಟ" ಅಂತ ಶುರು ಮಾಡುವ ಮುಂಚೆಯೇ ಹೇಳುತ್ತೇನೆ. ಅವಳೇ ಬೆರಳು ಮಡಚಿ ಎಣಿಸುತ್ತಾಳೆ. ಎರಡನೇ ಬಾವುಟ ಆದ ಮೇಲೆ ಕಂಟ್ರೋಲರ್ ಚೀಲಕ್ಕೆ ಹಾಕೋದು ಅವಳ ಕೆಲಸ. ಮೊದಲ ವಾರ ಅತ್ತಳು. ನಾನು ಒಂದು ದಿನವೂ ಮೂರನೇ ಬಾವುಟ ಕೊಡಲಿಲ್ಲ. ಎರಡನೇ ವಾರದಿಂದ ಅಳು ನಿಂತಿತು. ಸ್ವಿಚ್‌ಗೆ ಪೋಷಕರ ಆ್ಯಪ್ ಇದೆ, ಫೋನಿಗೆ ಹಾಕಿಕೊಂಡು ದಿನದ ಮಿತಿ ಇಡಬಹುದು. ಸಮಯ ಆದ ಕೂಡಲೇ ಆಟ ತಾನೇ ನಿಲ್ಲುವ ಹಾಗೂ ಮಾಡಬಹುದು. ಅದನ್ನು ಮಾಡಬೇಡಿ. ಬಾವುಟದ ಹತ್ತಿರ ಬಂದಾಗ ಆಟ ನಿಂತರೆ ನಿಮಗೇ ಬೇಜಾರಾಗುತ್ತದೆ, ಮಗುವಿಗೆ ಹೇಗಾಗಬೇಡ?

ಯಾವ ಗೇಮ್ ಅಂತ ಕೇಳಿದಿರಿ. ನಾನು ಎರಡು ಹೇಳುತ್ತೇನೆ.

ಒಂದು, ಮಾರಿಯೋ ಕಾರ್ಟ್ 8 ಡಿಲಕ್ಸ್. ಅದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಅಂತ ಇದೆ. ಹಾಕಿದರೆ ಗಾಡಿ ರಸ್ತೆ ಬಿಟ್ಟು ಕೆಳಗೆ ಬೀಳೋದಿಲ್ಲ. ಇನ್ನೊಂದು ಸೆಟ್ಟಿಂಗ್‌ನಲ್ಲಿ ಗಾಡಿ ತಾನೇ ಮುಂದೆ ಓಡುತ್ತದೆ, ಗುಂಡಿ ಒತ್ತಿ ಹಿಡಿಯಬೇಕಿಲ್ಲ. ಮಗು ಸುಮ್ನೆ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಸಾಕು. 50 ಸಿಸಿ ಅನ್ನೋದು ಎಲ್ಲಕ್ಕಿಂತ ನಿಧಾನ, ಅಲ್ಲಿಂದ ಶುರು ಮಾಡಿ. ಒಂದು ಕಪ್ ಅಂದರೆ ನಾಲ್ಕು ರೇಸ್, ಹದಿನೈದು ನಿಮಿಷದ ಆಸುಪಾಸು.

ಎರಡು, ಸೂಪರ್ ಮಾರಿಯೋ ಬ್ರದರ್ಸ್ ವಂಡರ್. 2023ರಲ್ಲಿ ಬಂದದ್ದು. ನಿಮ್ಮ ಮಾವ ಆಡಿಸಿದ ಮಾರಿಯೋ ಥರಾನೇ, ಎಡದಿಂದ ಬಲಕ್ಕೆ ಓಡೋದು. ಆದರೆ ಇದರಲ್ಲಿ ಯೋಶಿ ಅನ್ನೋ ಡೈನೋಸಾರ್ ಮರಿ ಇದೆ, ನ್ಯಾಬಿಟ್ ಅನ್ನೋ ಮೊಲದ ಮರಿ ಥರದ್ದು ಇದೆ. ಇವರಿಗೆ ಶತ್ರು ತಗುಲಿದರೂ ಏನೂ ಆಗೋದಿಲ್ಲ. ಆದರೆ ಹಳ್ಳಕ್ಕೆ ಬಿದ್ದರೆ ಹೋದ. ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದು ನನಗೆ ಬಹಳ ಇಷ್ಟ ಆದದ್ದು: ನೀವು ಯೋಶಿ ಆದರೆ ಮಗಳ ಪಾತ್ರವನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಬಹುದು. ನನ್ನ ಮಗಳು ಅದಕ್ಕೆ ಉಪ್ಪುಮೂಟೆ ಅಂತಲೇ ಹೆಸರಿಟ್ಟಿದ್ದಾಳೆ. ಕಷ್ಟದ ಜಾಗ ಬಂದರೆ "ಅಮ್ಮಾ, ಉಪ್ಪುಮೂಟೆ!" ಅಂತ ಕೂಗುತ್ತಾಳೆ. ಒಂದು ಚಿಕ್ಕ ವಿಷಯ: ಯಾರ ತಲೆ ಮೇಲೆ ಕಿರೀಟ ಇದೆಯೋ ಅವರ ಹಿಂದೆ ಕ್ಯಾಮೆರಾ ಹೋಗುತ್ತದೆ. ಕಿರೀಟ ಮಗಳ ಹತ್ತಿರವೇ ಇರಲಿ. ಇಲ್ಲದಿದ್ದರೆ ನೀವು ಮುಂದೆ ಓಡುತ್ತೀರಿ, ಅವಳು ಸ್ಕ್ರೀನ್‌ನಿಂದ ಆಚೆ ಉಳಿಯುತ್ತಾಳೆ.

ಗೇಮ್ ತುಟ್ಟಿ. ಒಂದೊಂದು ಕಾರ್ಟ್ರಿಡ್ಜ್‌ಗೆ ನಾಲ್ಕೈದು ಸಾವಿರ. ಕಂಪನಿ ನಮ್ಮ ದೇಶದಲ್ಲಿ ನೇರವಾಗಿ ಮಾರೋದಿಲ್ಲ, ತರಿಸಿ ಮಾರುವ ಅಂಗಡಿಯವರೇ ಗತಿ. ಸೆಕೆಂಡ್ ಹ್ಯಾಂಡ್ ನೋಡಿ, ಆಡಿ ಮುಗಿದ ಮೇಲೆ ನೀವೂ ಮಾರಬಹುದು. 4,200 ರೂಪಾಯಿ ಹರಳಿಗೆ ಕಳೆದವಳು ನಾನು. ಅದೇ ದುಡ್ಡಿಗೆ ಒಂದು ಇಡೀ ಆಟ ಬರುತ್ತಿತ್ತು, ಜಾಹೀರಾತು ಇಲ್ಲದ್ದು, ಎರಡು ಮಕ್ಕಳೂ ಆಡುವಂಥದ್ದು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.


ತುಂಗೆದಂಡೆ, ಶಿವಮೊಗ್ಗ

ಅಕ್ಕಾ, ನೀವು ಬರೆದದ್ದನ್ನು ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಅರ್ಧ ಊಟದ ತಟ್ಟೆ ಎಳೆದ ಹಾಗೆ ಅಂದಿರಲ್ಲ, ಅಲ್ಲಿ ಅವಳು ತಲೆ ಆಡಿಸಿದಳು. ಅವಳದು ಇನ್ನೊಂದು ಭಯ ಇದೆ. ಚಟ ಆಗಿಬಿಟ್ಟರೆ? ಪೇಪರ್‌ನಲ್ಲಿ ದಿನಾ ಬರುತ್ತಲ್ಲ.


ಇಬ್ಬರಮ್ಮ, ಹುಬ್ಬಳ್ಳಿ

ಭಯ ಸುಳ್ಳಲ್ಲ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಅಂತ ಶಟ್ ಕ್ಲಿನಿಕ್ ಇದೆ. ಆದರೆ ಅವರು ಕಾಯಿಲೆ ಅನ್ನೋದು ಯಾವಾಗ ಅಂದರೆ, ಆಟದ ಮೇಲೆ ಹಿಡಿತವೇ ತಪ್ಪಿ, ಊಟ ನಿದ್ದೆ ಓದು ಗೆಳೆತನ ಎಲ್ಲ ಹಿಂದೆ ಸರಿದು, ಹಾಳಾಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸಲು ಆಗದೆ, ಹೀಗೇ ಸುಮಾರು ಒಂದು ವರ್ಷ ನಡೆದರೆ. ಬಾವುಟ ಮುಗಿದಾಗ ಐದು ವರ್ಷದ ಮಗು ಅಳೋದು ಅದಲ್ಲ. ಜಾತ್ರೆಯಲ್ಲಿ ತೊಟ್ಟಿಲಿಂದ ಇಳಿಸಿದರೂ ಅಳುತ್ತಾರೆ.

ಆದರೂ ಒಂದು ಗುರುತು ನೋಡಿಕೊಳ್ಳಿ. ಆಡದ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೆ? ಆಟದಲ್ಲಿ ನೋಡಿದ್ದನ್ನು ಚಿತ್ರ ಬರೆಯುತ್ತಿದ್ದರೆ, ಅಂಗಳದಲ್ಲಿ ಹಾರುತ್ತಿದ್ದರೆ, ನಿಮಗೆ ಕಥೆ ಹೇಳುತ್ತಿದ್ದರೆ ಚಿಂತೆ ಇಲ್ಲ. ಸುಮ್ನೆ ಕೂತು "ಮತ್ತೆ ಯಾವಾಗ, ಮತ್ತೆ ಯಾವಾಗ" ಅಂತ ಮಾತ್ರ ಕೇಳುತ್ತಿದ್ದರೆ ಒಂದು ವಾರ ಎತ್ತಿಡಿ. ನನ್ನ ಮಗ ಆ ಹರಳಿನ ಆಟದ ಕಾಲದಲ್ಲಿ ಒಂದೇ ಒಂದು ಚಿತ್ರ ಬರೆದದ್ದು ನನಗೆ ನೆನಪಿಲ್ಲ.


ಚೌಕಾಮಣೆ, ನಂಜನಗೂಡು

ಮೂವತ್ತೆರಡು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ವಿಡಿಯೋ ಗೇಮ್ ನನಗೆ ಗೊತ್ತಿಲ್ಲ. ಆಟ ಗೊತ್ತು, ಮಕ್ಕಳು ಗೊತ್ತು.

ಐದು ವರ್ಷ ಸ್ವಲ್ಪ ಬೇಗ ಆಯಿತು ಅಂತಲೇ ನನಗೆ ಅನಿಸುತ್ತದೆ. ಒಂದನೇ ಕ್ಲಾಸಿಗೆ ಬಂದ ಮಕ್ಕಳಲ್ಲೇ ಅರ್ಧದಷ್ಟು ಜನಕ್ಕೆ ತಮ್ಮ ಸರದಿಗೆ ಕಾಯಲು ಬರುತ್ತಿರಲಿಲ್ಲ. ಸೋತರೆ ಕಾಯಿ ಎಲ್ಲ ಚೆಲ್ಲಾಪಿಲ್ಲಿ ಮಾಡುತ್ತಿದ್ದರು. ಅದು ತಪ್ಪಲ್ಲ, ಆ ವಯಸ್ಸು. ಸೋಲುವುದನ್ನು ಕಲಿಯದ ಮಗುವನ್ನು ಟಿವಿ ಮುಂದೆ ಕೂರಿಸಿದರೆ ಮಿಷನ್ ಸೋಲಿಸುತ್ತದೆ. ಮಿಷನ್‌ಗೆ ಮಗುವಿನ ಮುಖ ಕಾಣುವುದಿಲ್ಲ.

ಅದಕ್ಕೆ ನನ್ನ ಸಲಹೆ, ಆ ಡಬ್ಬ ತೆಗೆಯುವ ಮುಂಚೆ ಎರಡು ವಾರ ಚೌಕಾಬಾರ ಆಡಿಸಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದು ಅಡ್ಡ, ಐದು ಉದ್ದ ಮನೆ ಬರೆಯಿರಿ. ನಾಲ್ಕು ಕವಡೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಮಗು ಎಣಿಸುತ್ತದೆ, ಕಾಯುತ್ತದೆ, ಯಾವ ಕಾಯಿ ನಡೆಸಲಿ ಅಂತ ಯೋಚಿಸುತ್ತದೆ. ಮೊದಲ ಸಲ ಅದರ ಕಾಯಿ ಕಡಿದಾಗ ಮುಖ ನೋಡಿ. ತುಟಿ ನಡುಗುತ್ತದೆ. ಆಗ ನೀವು ಅವಸರ ಮಾಡಬೇಡಿ, ಸಮಾಧಾನವನ್ನೂ ಹೇಳಬೇಡಿ. ಕವಡೆ ಅದರ ಕೈಗೆ ಕೊಡಿ. ಕೈಗೆ ಕವಡೆ ಬಂದರೆ ಮಗು ತಾನೇ ಸುಧಾರಿಸಿಕೊಳ್ಳುತ್ತದೆ. ಇದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಅಜ್ಜಿಯವರಿಗೆ ಚೌಕಾಬಾರ ಬಂದೇ ಬರುತ್ತದೆ. ಕೇಳಿ ನೋಡಿ.


ತುಂಗೆದಂಡೆ, ಶಿವಮೊಗ್ಗ

ಆರು ವಾರ ಆಯಿತು. ಏನಾಯಿತು ಅಂತ ಬರೆಯಬೇಕು ಅನಿಸಿತು.

ಮೇಷ್ಟ್ರು ಹೇಳಿದ ಹಾಗೆ ಮೊದಲು ಚೌಕಾಬಾರ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಕವಡೆ ಸಿಕ್ಕಿತು. ತುಟಿ ನಡುಗುವುದು ಅಂದರೇನು ಅಂತ ಮೊದಲ ಸಂಜೆಯೇ ನೋಡಿದೆ. ಕವಡೆ ಕೈಗೆ ಕೊಟ್ಟೆ. ಮೂಗು ಒರೆಸಿಕೊಂಡು ಹಾಕಿದಳು. ಬಾರ ಬಿತ್ತು. ಆಮೇಲೆ ನಿದ್ದೆಗೆ ಹೋಗುವವರೆಗೂ ಅದೇ ಮಾತು.

ಹುಬ್ಬಳ್ಳಿ ಅಕ್ಕ ಹೇಳಿದ ಮಾರಿಯೋ ವಂಡರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಶನಿವಾರ, ಭಾನುವಾರ ಮಾತ್ರ, ದಿನಕ್ಕೆ ಎರಡು ಬಾವುಟ. ಚಾಪೆ ಹಾಸಿಕೊಂಡು ನೆಲದ ಮೇಲೇ ಕೂರುತ್ತೇವೆ. ಅವಳಿಗೆ ಹಸಿರು ಯೋಶಿ ಕೊಟ್ಟೆ, ನಾನು ಮಾರಿಯೋ. ಕಂಟ್ರೋಲರ್ ಅವಳ ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ, ನನ್ನ ಕೈಯಲ್ಲೇ ಅದು ಬೆಂಕಿಪೊಟ್ಟಣದ ಹಾಗೆ ಕಾಣೋದು. ಓಡುವ ಗುಂಡಿ ಹಿಡಿದುಕೊಂಡೇ ಹಾರುವ ಗುಂಡಿ ಒತ್ತೋದು ಅವಳಿಗೆ ಎರಡು ದಿನ ಬರಲಿಲ್ಲ. ಹಾರಬೇಕು ಅಂದಾಗೆಲ್ಲ ಕಂಟ್ರೋಲರ್ ಸಮೇತ ಎರಡೂ ಕೈ ಮೇಲಕ್ಕೆತ್ತಿ, ತಾನೂ ಕೂತಲ್ಲೇ ಎಗರುತ್ತಿದ್ದಳು.

ಮೊದಲ ಲೆವೆಲ್‌ನಲ್ಲೇ ಒಂದು ಹಣ್ಣು ಸಿಗುತ್ತದೆ. ಮಾರಿಯೋ ಅದನ್ನು ಮುಟ್ಟಿದರೆ ಆನೆ ಆಗುತ್ತಾನೆ. ಸೊಂಡಿಲು ಬೀಸಿ ಇಟ್ಟಿಗೆ ಒಡೆಯುತ್ತಾನೆ. ಸೊಂಡಿಲಲ್ಲಿ ನೀರು ತುಂಬಿಕೊಂಡು ಬಾಡಿದ ಹೂವಿಗೆ ಹಾಕಿದರೆ ಹೂವು ಅರಳುತ್ತದೆ. ನಮ್ಮವಳು ಸಕ್ರೆಬೈಲಿನ ಆನೆ ಬಿಡಾರ ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಲ್ಲ. ಬೆಳಿಗ್ಗೆ ತುಂಗೆಯ ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸೋದನ್ನು ದಡದಲ್ಲಿ ನಿಂತು ನೋಡೋದು ಅಂದರೆ ಅವಳಿಗೆ ಪ್ರಾಣ. ಟಿವಿಯಲ್ಲಿ ಆನೆ ಕಂಡ ಕೂಡಲೇ ಎದ್ದು ನಿಂತಳು. "ಅಪ್ಪಾ, ನಾನೂ ಆನೆ ಆಗ್ಬೇಕು."

ಅಲ್ಲಿ ತೊಂದರೆ. ಯೋಶಿ ಆನೆ ಆಗೋದಿಲ್ಲ. ಏಟು ತಗಲದವರಿಗೆ ಆ ಹಣ್ಣು ದಕ್ಕೋದಿಲ್ಲ. ಇದನ್ನು ಅವಳಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಯೋಶಿಗೆ ಏಟು ಬೀಳಲ್ಲ, ಆದರೆ ಆನೆ ಆಗಕ್ಕಾಗಲ್ಲ. ಪೀಚ್ ರಾಜಕುಮಾರಿ ಆದ್ರೆ ಆನೆ ಆಗ್ಬಹುದು, ಆದರೆ ಏಟು ಬೀಳತ್ತೆ. ಯಾವುದು ಬೇಕು?" ಅವತ್ತು ಯೋಶಿ ಅಂದಳು. ಮಾರನೇ ದಿನವೂ ಯೋಶಿ. ಮುಂದಿನ ಶನಿವಾರ ಬೆಳಿಗ್ಗೆ ತಿಂಡಿ ತಿನ್ನುತ್ತಾ, ನಾನು ಕೇಳದೇನೇ, "ಏಟು ಬಿದ್ರೂ ಪರವಾಗಿಲ್ಲ" ಅಂದಳು. ಇಡೀ ವಾರ ಅದನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದಳು ಅನ್ನಿಸುತ್ತದೆ.

ಅವತ್ತು ನಾನು ಯೋಶಿ, ಅವಳು ಪೀಚ್. ಹಣ್ಣು ಮುಟ್ಟಿ ಆನೆ ಆದಳು. ಒಂದು ನಿಮಿಷವೂ ಆಗಿರಲಿಲ್ಲ, ಎದುರಿಂದ ಬಂದ ಅಣಬೆ ಮುಖದವನು ತಗುಲಿ ಆನೆ ಹೋಯಿತು. ಇನ್ನೊಬ್ಬ ತಗುಲಿ ಚಿಕ್ಕವಳಾದಳು. ಮೂರನೆಯ ಏಟಿಗೆ ಭೂತ ಆಗಿ ಗಾಳಿಯಲ್ಲಿ ತೇಲತೊಡಗಿದಳು. ಈ ಆಟದಲ್ಲಿ ಹಾಗೆ ತೇಲುವಾಗ ಐದು ಎಣಿಸುವುದರೊಳಗೆ ಜೊತೆಗಾರನನ್ನು ಮುಟ್ಟಿದರೆ ಮತ್ತೆ ಜೀವ ಬರುತ್ತದೆ. ಅವಳ ಕಣ್ಣು ತುಂಬಿತ್ತು. "ಬಾ, ನನ್ನನ್ನ ಮುಟ್ಟು, ಬೇಗ" ಅಂದೆ. ಮೂರು... ಎರಡು... ಮುಟ್ಟಿದಳು. ಪೀಚ್ ಮತ್ತೆ ನೆಲದ ಮೇಲೆ ನಿಂತಳು. ಮಗಳು ನನ್ನ ಕಡೆ ತಿರುಗಿ, "ಇದು ಲಾಕ್ ಆ್ಯಂಡ್ ಕೀ ಅಲ್ವಾ ಅಪ್ಪಾ!" ಅಂದಳು. ಸ್ಕೂಲಿನಲ್ಲಿ ಆಡುತ್ತಾರಲ್ಲ, ಮುಟ್ಟಿದರೆ ಬಿಡುಗಡೆ ಆಗೋದು, ಅದು. ಇದು ನನಗೆ ಹೊಳೆದಿರಲಿಲ್ಲ.

ಆಮೇಲೆ ಅವಳು ಯೋಶಿ ಕೇಳಿಲ್ಲ. ಕಷ್ಟದ ಹಳ್ಳ ಬಂದರೆ ಉಪ್ಪುಮೂಟೆ ಬೇಕು ಅನ್ನುತ್ತಾಳೆ, ದಾಟಿದ ಕೂಡಲೇ ಇಳಿದುಬಿಡುತ್ತಾಳೆ.

ಎಲ್ಲ ಸಲೀಸಾಗಿ ಆಯಿತು ಅಂತ ಹೇಳೋದಿಲ್ಲ. ಎರಡನೇ ಭಾನುವಾರ ಮೂರನೇ ಬಾವುಟಕ್ಕೆ ಹಠ ಹಿಡಿದು ಕಂಟ್ರೋಲರ್ ಎಸೆದಳು. ಮುಂದಿನ ಶನಿವಾರ ಆಟ ಇಲ್ಲ ಅಂದೆವು, ಹಾಗೇ ನಡೆಸಿದೆವು. ಆ ಶನಿವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಮೂವರೂ ಸಕ್ರೆಬೈಲಿಗೆ ಹೋಗಿ ಬಂದೆವು. ಮನೆಗೆ ಬಂದು ಆನೆಯ ಚಿತ್ರ ಬರೆದಳು, ತಲೆ ಮೇಲೆ ಕೆಂಪು ಟೋಪಿ ಹಾಕಿ. ಹೆಂಡತಿ ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಅವಳು ಇನ್ನೂ ಕಂಟ್ರೋಲರ್ ಹಿಡಿದಿಲ್ಲ. ನಾವು ಆಡುವಾಗ ಬೆಳ್ಳುಳ್ಳಿ ಬಿಡಿಸಿಕೊಂಡು ಹಿಂದೆ ಕೂರುತ್ತಾಳೆ, ಹಳ್ಳ ಬಂದರೆ ನಮಗಿಂತ ಮೊದಲು ಕೂಗುತ್ತಾಳೆ.

ಫೋನ್ ಪೂರ್ತಿ ಬಿಟ್ಟಿಲ್ಲ. ಆದರೆ ಕೇಕ್ ಗೇಮ್ ತೆಗೆದುಹಾಕಿದ್ದೇವೆ. ಅತ್ತೆಯವರ ಫೋನ್‌ನಿಂದ ಕಾರ್ಡ್ ಕೂಡ ತೆಗೆಸಿದೆ, ಹುಬ್ಬಳ್ಳಿ ಅಕ್ಕನ ಕಥೆ ಕೇಳಿದ ಮೇಲೆ ಅದನ್ನು ಒಂದು ದಿನವೂ ಹಾಗೇ ಬಿಡುವ ಧೈರ್ಯ ಬರಲಿಲ್ಲ. ಮೇಷ್ಟ್ರೇ, ಕವಡೆ ನಾಲ್ಕನ್ನೂ ಅಜ್ಜಿ ಮನೆಯಲ್ಲೇ ಬಿಟ್ಟಿದ್ದೇವೆ. ಅವರಿಗೆ ನೆಲದ ಮೇಲೆ ಕೂರೋಕಾಗಲ್ಲ ಅಂತ ಊಟದ ಟೇಬಲ್ ಮೇಲೇ ರಟ್ಟಿನಲ್ಲಿ ಮಣೆ ಬರೆದುಕೊಟ್ಟೆ. ಒಂದು ತುತ್ತು, ಒಂದು ಸಲ ಕವಡೆ. ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅತ್ತೆ ಫೋನ್ ಮಾಡಿದರು. ಏನಾಯಿತೋ ಅಂತ ಗಾಬರಿಯಿಂದ ಎತ್ತಿದೆ. "ಅಳಿಯಂದ್ರೇ, ನಿಮ್ಮ ಮಗಳು ನನ್ನ ಎರಡು ಕಾಯಿ ಕಡಿದಳು ನೋಡಿ. ಅನ್ನ ಪೂರ್ತಿ ಉಂಡಳು" ಅಂದರು.